ಹದಿನಾರು ಟೆಸ್ಲಾದ ಮಾತು

ನನ್ನ ಅಕ್ಕ ಹೊಂಬಾಳಮ್ಮನಿಗೆ ತನ್ನ ಮಗಳೊಡನೆ ಮಾತಾಡಬೇಕಾದರೆ ಹದಿನಾರು ಟೆಸ್ಲಾ ಬೇಕಿತ್ತು. ಟೆಸ್ಲಾ ಅಂದರೆ ಅಯಸ್ಕಾಂತದ ಬಲದ ಅಳತೆ; ರಾಗಿಗೆ ಸೇರು ಇದ್ದ ಹಾಗೆ. ಆಸ್ಪತ್ರೆಗಳಲ್ಲಿ ತಲೆಯ ಒಳಗನ್ನು ನೋಡುವ ಸ್ಕ್ಯಾನ್ ಯಂತ್ರ ಒಂದೂವರೆಯೋ ಮೂರೋ ಇರುತ್ತದೆ. ನಮ್ಮ ಕೇಂದ್ರದ ಅಯಸ್ಕಾಂತ ಹದಿನಾರು. ಎರಡು ವಾರಕ್ಕೊಮ್ಮೆ, ಗುರುವಾರ ಹನ್ನೊಂದು ಗಂಟೆಗೆ, ಅಕ್ಕನನ್ನು ಹಲಗೆಯ ಮೇಲೆ ಮಲಗಿಸಿ ಅದರ ಕೊಳವೆಯೊಳಗೆ ತಳ್ಳುತ್ತಿದ್ದೆವು. ಅಲ್ಲಿ ಇಪ್ಪತ್ತು ನಿಮಿಷ ಅವಳ ಒಂದು ಕಣ್ಣಿಗೆ ಕಾಣುತ್ತಿತ್ತು. ಆ ಇಪ್ಪತ್ತು ನಿಮಿಷ ತಾಯಿ ಮಗಳು ಮಾತಾಡಿಕೊಳ್ಳುತ್ತಿದ್ದರು. ಹೊರಗೆ ಎಳೆದರೆ ಮತ್ತೆ ಹದಿನಾಲ್ಕು ದಿನ ಕತ್ತಲು.

ಮಗಳು ನೀಲಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಅಂಥ ಮಕ್ಕಳ ಶಾಲೆ ಇದೆ ಅನ್ನುವುದು ನಮಗೆ ತಿಳಿಯುವ ಹೊತ್ತಿಗೆ ಅವಳು ದೊಡ್ಡವಳಾಗಿದ್ದಳು. ಹಾಗಾಗಿ ಕೈಮಾತನ್ನು ಮನೆಯಲ್ಲೇ ಕಟ್ಟಿದ್ದು. ಕಟ್ಟಿದವಳು ಅಕ್ಕ. ಮೀಸೆ ತಿರುವಿದರೆ ನಾನು, ಅಂದರೆ ಅವಳ ಮಾವ. ಹೆಗಲಿಗೆ ಬೆರಳು ಮುಟ್ಟಿಸಿ ಕೆಳಕ್ಕೆ ಜಾರಿಸಿದರೆ ತೀರಿಕೊಂಡ ಭಾವ. ಅವನ ಹೆಗಲ ಟವಲ್ಲು ಯಾವಾಗಲೂ ಜಾರುತ್ತಿತ್ತು. ಅಂಗೈಗೆ ಅಂಗೈ ಉಜ್ಜಿದರೆ ರಾಗಿ. ನೀಲಿಗೆ ಹತ್ತು ತುಂಬುವ ಹೊತ್ತಿಗೆ ಆ ಮಾತಿನಲ್ಲಿ ಚಾಡಿ ಹೇಳಬಹುದಿತ್ತು, ಅಣಕಿಸಬಹುದಿತ್ತು, ದೇವರಿದ್ದಾನೋ ಇಲ್ಲವೋ ಅಂತ ಜಗಳವನ್ನೂ ಆಡಬಹುದಿತ್ತು. ಅವರಿಬ್ಬರು ಎದುರುಬದುರು ಕೂತರೆ ಬಳೆ ಸದ್ದು ಬಿಟ್ಟು ಬೇರೆ ಸದ್ದಿಲ್ಲ, ಆದರೆ ಮನೆ ತುಂಬ ಮಾತು.

ಅಕ್ಕನಿಗೆ ಐವತ್ತೆಂಟಕ್ಕೆ ಕಣ್ಣು ಮಂಕಾಯಿತು. ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ ಒಣಗುತ್ತಾ ಬರುವ ರೋಗ. ಅರವತ್ತೊಂದಕ್ಕೆ ಪೂರಾ ಹೋಯಿತು. ಅವಳು ಕೈಯಲ್ಲಿ ಹೇಳಿದ್ದು ನೀಲಿಗೆ ಕಾಣುತ್ತಿತ್ತು. ನೀಲಿ ಹೇಳಿದ್ದು ಅವಳಿಗೆ ತಲುಪುತ್ತಿರಲಿಲ್ಲ. ಅಂಗೈ ಹಿಡಿದು ಮುಟ್ಟಿ ಹೇಳುವುದು ಕೆಲವೇ ಮಾತು: ಏಳು, ಉಣ್ಣು, ಮಳೆ, ಯಾರೋ ಬಂದರು. ಉಳಿದದ್ದಕ್ಕೆ ನಾನು ಬೇಕು. ಭಾನುವಾರ ಹೋದಾಗ ನಡುವೆ ಕೂತು ನೀಲಿಯ ಕೈ ನೋಡಿ ಬಾಯಲ್ಲಿ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಅರ್ಧ ನುಂಗುತ್ತಿದ್ದೆ. ಅವಳು ಹತ್ತು ಮಾತು ಆಡಿದರೆ ನಾನು ಮೂರು ಹೇಳಿ, "ಅಷ್ಟೇ ಕಣಕ್ಕ" ಅನ್ನುತ್ತಿದ್ದೆ. ಹೆಂಗಸರ ಮಾತಿನ ನಡುವೆ ಗಂಡಸು ಕೂತರೆ ನೀಲಿಗೂ ನಾಚಿಕೆ. ಹನ್ನೊಂದು ವರ್ಷ ಹಾಗೆ ಕಳೆಯಿತು.

ನಾನು ಓದಿದ್ದು ಮೂರನೆಯ ಕ್ಲಾಸು. ನಮ್ಮೂರ ಪಕ್ಕ ಕಾಗೆಬಂಗಾರದ, ಅಂದರೆ ಅಭ್ರಕದ, ಗಣಿಯಿತ್ತು. ಅಲ್ಲಿಂದ ಬಂದ ಗಟ್ಟಿಯನ್ನು ಚೂರಿಯ ಮೊನೆಯಿಂದ ಬಿಡಿಸಿ ಹಾಳೆ ಹಾಳೆಯಾಗಿ ಸೀಳುವ ಶೆಡ್ಡು. ನನಗೆ ಎಂಟು ವರ್ಷ, ಅಕ್ಕನಿಗೆ ಹದಿನಾಲ್ಕು. ಅವಳ ಪಕ್ಕದಲ್ಲಿ ಕೂತು ಕೆಲಸ ಕಲಿತೆ. ಗಣಿ ಮುಚ್ಚಿದ ಮೇಲೆ ಏನೇನೋ ಮಾಡಿ, ಕೊನೆಗೆ ಮೈಸೂರಿನ ಹೊರಗೆ ಈ ಅಯಸ್ಕಾಂತ ಕೇಂದ್ರ ಆದಾಗ ಹೀಲಿಯಂ ತುಂಬುವ ಗುತ್ತಿಗೆ ಕೆಲಸಕ್ಕೆ ಸೇರಿದೆ. ಆ ಅಯಸ್ಕಾಂತ ಬಲವಾಗಿರಬೇಕಾದರೆ ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಿರಬೇಕು. ಹೀಲಿಯಂ ಅನ್ನುವ ಗಾಳಿಯನ್ನು ನೀರು ಮಾಡಿ ಅದರ ಸುತ್ತ ತುಂಬುತ್ತಾರೆ. ದೊಡ್ಡ ಫ್ಲಾಸ್ಕಿನಂಥ ಪಾತ್ರೆಯಿಂದ, ಹೊಗೆ ಏಳದ ಹಾಗೆ, ನಿಧಾನವಾಗಿ. ಅವಸರ ಮಾಡಿದರೆ ಎಲ್ಲಾ ಆವಿ.

ಅಲ್ಲಿ ತಸ್ನೀಮ್ ಮೇಡಂ ಇದ್ದರು. ಮಂಡಿ ಮೊಹಲ್ಲಾದ ಹುಡುಗಿ, ದೊಡ್ಡ ವಿಜ್ಞಾನಿ. ಅವರು ಒಂದು ಕಪ್ಪು ಹರಳನ್ನು ಅಂಟು ಟೇಪಿಗೆ ಮೆತ್ತಿ, ಮಡಿಸಿ, ಬಿಡಿಸಿ, ಮಡಿಸಿ, ಬಿಡಿಸಿ ತೆಳ್ಳಗೆ ಮಾಡುತ್ತಿದ್ದರು. ಕೊನೆಗೆ ಒಂದೇ ಅಣು ದಪ್ಪದ ಹಾಳೆ ಉಳಿಯಬೇಕು. ಒಂದು ತಲೆಗೂದಲನ್ನು ಲಕ್ಷ ಸೀಳು ಸೀಳಿದರೆ ಒಂದು ಸೀಳು ಎಷ್ಟೋ ಅಷ್ಟು. ಅವರ ಕೈಯಲ್ಲಿ ಹಾಳೆ ಹರಿಯುತ್ತಿತ್ತು.

"ಮೇಡಂ, ಎಳೀಬಾರ್ದು," ಅಂದೆ ಒಂದು ದಿನ. "ಅದು ತಾನಾಗೇ ಬಿಡೋಗಂಟ ಕಾಯ್ಬೇಕು."

"ನಿಮಗೆ ಹೇಗೆ ಗೊತ್ತು?"

"ಕಾಗೆಬಂಗಾರ ಸೀಳ್ತಿದ್ದೆ."

ಅವರು ಕುರ್ಚಿ ಬಿಟ್ಟು ಎದ್ದರು. ಅವತ್ತಿನಿಂದ ಸೀಳುವ ಕೆಲಸವೂ ನನ್ನದಾಯಿತು.

ನಾನು ಸೀಳಿದ ಹಾಳೆಯನ್ನು ಅಯಸ್ಕಾಂತದಲ್ಲಿಟ್ಟು ಅದರ ಮೇಲೆ ಬೆಳಕು ಬಿಡುತ್ತಿದ್ದರು. ಏನು ನೋಡುತ್ತಿದ್ದೀರಿ ಅಂತ ಕೇಳಿದ್ದಕ್ಕೆ ಊಟದ ಡಬ್ಬಿ ತೆಗೆಯುತ್ತಾ ಹೇಳಿದರು:

"ಬೆಳಕು ಬಿದ್ರೆ ಹಾಳೇಲಿ ಒಂದು ಎಲೆಕ್ಟ್ರಾನ್ ಎದ್ದು ಹೋಗುತ್ತೆ ಜವರಣ್ಣ. ಅದು ಕೂತಿದ್ದ ಜಾಗ ಖಾಲಿ ಆಗುತ್ತಲ್ಲ, ಆ ಖಾಲಿ ಜಾಗ ಅದನ್ನ ವಾಪಸ್ ಎಳೀತಾ ಇರುತ್ತೆ. ಎರಡೂ ಒಂದರ ಸುತ್ತ ಒಂದು ತಿರುಗ್ತವೆ. ಆ ಜೋಡೀಗೆ ಎಕ್ಸಿಟಾನ್ ಅಂತ ಹೆಸರು. ಅಯಸ್ಕಾಂತದಲ್ಲಿಟ್ರೆ ಅದರ ಬಣ್ಣ ಒಂಚೂರು ಸರಿಯುತ್ತೆ. ಎಷ್ಟು ಸರೀತು ನೋಡಿ, ಜೋಡಿ ನಡುವೆ ಎಷ್ಟು ದೂರ, ಎಷ್ಟು ತೂಕ, ಎಲ್ಲಾ ಲೆಕ್ಕ ಹಾಕ್ತೀವಿ."

"ಎಷ್ಟೊತ್ತು ತಿರುಗ್ತವೆ?"

"ಕಣ್ಣು ಮಿಟುಕಿಸೋದ್ರೊಳಗೆ ಲಕ್ಷ ಲಕ್ಷ ಜೋಡಿ ಹುಟ್ಟಿ ಸಾಯ್ತವೆ."

"ಪಾಪ," ಅಂದೆ. ಅವರಿಗೆ ನಗು ಬಂದು ಅನ್ನ ನೆತ್ತಿಗೇರಿತು.

ಆ ಜೋಡಿಯಿಂದ ಒಂದು ಉಪಯೋಗ ಹುಟ್ಟಿತು. ಎರಡು ಬೇರೆ ಬೇರೆ ಹಾಳೆ ಒಂದರ ಮೇಲೊಂದು ಇಟ್ಟರೆ, ಎದ್ದದ್ದು ಮೇಲಿನ ಹಾಳೆಗೆ ಹೋಗುತ್ತದೆ, ಖಾಲಿ ಜಾಗ ಕೆಳಗಿನದರಲ್ಲಿ ಉಳಿಯುತ್ತದೆ. ಅವುಗಳ ಎಳೆದಾಟ ಕಣ್ಣಿನ ನರವನ್ನು ಮುಟ್ಟಿ ಎಬ್ಬಿಸುತ್ತದೆ. ಒಣಗಿದ ಪದರದ ಜಾಗದಲ್ಲಿ ಈ ಜೋಡಿಹಾಳೆ ಕೂರಿಸಿದರೆ ಕುರುಡು ಕಣ್ಣು ನೆರಳು ಬೆಳಕು, ಆಕಾರ ಗುರುತಿಸುತ್ತದೆ. ಮೂವರಿಗೆ ಹಾಕಿದರು. ಮೂವರೂ ಬೀದಿಯಲ್ಲಿ ಕೋಲಿಲ್ಲದೆ ನಡೆದರು. ನಾಲ್ಕನೆಯದು ಯಾರಿಗೆ ಅಂದಾಗ ಮೇಡಂ ಅವರೇ, "ನಿಮ್ಮಕ್ಕನಿಗೆ, ಜವರಣ್ಣ," ಅಂದರು.

ಹಾಳೆಗಳನ್ನು ಜೋಡಿಸುವುದಕ್ಕೆ ಒಂದು ಯಂತ್ರದ ಕೈಯಿತ್ತು. ಎರಡೂ ಹಾಳೆಯ ಅಂಚು ನೋಡಿ ನೇರಕ್ಕೆ ನೇರ ಕೂರಿಸುವುದು ಅದರ ಕೆಲಸ. ಸೀಳುವುದಷ್ಟೇ ನನ್ನದು. ಅಕ್ಕನ ಹಾಳೆ ಸಿದ್ಧ ಮಾಡುವ ದಿನ ಮೇಡಂ ಆಸ್ಪತ್ರೆಯಲ್ಲಿದ್ದರು. ನಾನೊಬ್ಬನೇ. ಯಂತ್ರದ ಕೈ ಹಿಂದಿನ ವಾರ ಒಂದು ಹಾಳೆ ಹರಿದಿತ್ತು. ಅದು ಮತ್ತೆ ಇಳಿದು ಬರುತ್ತಿತ್ತು. ನಮ್ಮ ಅಕ್ಕನದನ್ನು ಇದರ ಕೈಗೆ ಕೊಡಲೇ? ಗುಂಡಿ ಒತ್ತಿ ನಿಲ್ಲಿಸಿದೆ. ಸೂಕ್ಷ್ಮದರ್ಶಕದ ಕೆಳಗೆ, ಉಸಿರು ಹಿಡಿದು, ನನ್ನ ಕೈಯಾರೆ ಇಟ್ಟೆ. ಎರಡು ಜೋಡಿ: ಒಂದು ಅಕ್ಕನ ಕಣ್ಣಿಗೆ, ಇನ್ನೊಂದು ಹೆಚ್ಚಿಗೆ ಇರಲಿ ಅಂತ. ಎರಡೂ ಹರಿಯಲಿಲ್ಲ. ಅವತ್ತು ನನಗಾದ ಸಂತೋಷ ಆಮೇಲೆ ಯಾವತ್ತೂ ಆಗಿಲ್ಲ.

ಹಾಳೆ ಹರಿದಿಲ್ಲ ಅನ್ನುವುದನ್ನು ಮೇಡಂ ನೋಡಿದರು. ಎಲ್ಲಾ ಯಂತ್ರವೇ ಮಾಡಿದ್ದು ಅಂದುಕೊಂಡರು. ನಾನೂ ಸುಮ್ಮನಿದ್ದೆ. ಹೆಮ್ಮೆಯನ್ನು ಒಳಗೇ ಇಟ್ಟುಕೊಂಡಿರೋಣ ಅಂತ.

ಶಸ್ತ್ರಚಿಕಿತ್ಸೆ ಆದ ಮೇಲೆ ಹತ್ತು ದಿನ ಬೋರಲು ಮಲಗಿರಬೇಕು. ಮಗ್ಗುಲಾದರೆ ಹಾಳೆ ಸರಿದೀತು. ನೀಲಿ ಕಾವಲಿದ್ದಳು. ಮೂರನೆಯ ದಿನ ಮಧ್ಯಾಹ್ನ ಅವಳಿಗೆ ಕೂತಲ್ಲೇ ಜೊಂಪು ಹತ್ತಿತು. ಎದ್ದು ನೋಡಿದರೆ ಅಕ್ಕ ಅಂಗಾತ ಮಲಗಿದ್ದಾಳೆ. ಕರೆದಿದ್ದಳೋ ಏನೋ, ನೀಲಿಗೆ ಕೇಳಿಸಬೇಕಲ್ಲ.

ಪಟ್ಟಿ ಬಿಚ್ಚಿದ ದಿನ ಏನೂ ಕಾಣಲಿಲ್ಲ. ಮತ್ತೆ ತೆಗೆದು ಹಾಕುವ ಹಾಗಿಲ್ಲ, ಒಳಗೆ ಕಚ್ಚಿಕೊಂಡಿರುತ್ತದೆ, ತೆಗೆಯಹೋದರೆ ನರವೇ ಕಿತ್ತುಬರುತ್ತದೆ ಅಂದರು ಡಾಕ್ಟರು. "ಸರಿದಿರಬಹುದು" ಅಂದರು. ಆ ಮಾತನ್ನು ನೀಲಿಗೆ ಕೈಯಲ್ಲಿ ಹೇಳಿದವನು ನಾನೇ.

ಅವತ್ತಿನಿಂದ ಅವಳು ಮಧ್ಯಾಹ್ನ ಮಲಗಲಿಲ್ಲ. ರಾತ್ರಿ ಮಲಗುವಾಗ ತನ್ನ ಮಣಿಕಟ್ಟಿಗೂ ಅಮ್ಮನ ಮಣಿಕಟ್ಟಿಗೂ ಒಂದು ದಾರ ಕಟ್ಟಿಕೊಳ್ಳುತ್ತಿದ್ದಳು. ಅಮ್ಮ ಅಲುಗಿದರೆ ಎಚ್ಚರವಾಗಲಿ ಅಂತ. ಹಗಲಿಗೆ ಬಿಚ್ಚಿದರೂ ದಾರದ ಗುರುತು ಕೈಮೇಲೆ ಇರುತ್ತಿತ್ತು.

ಎರಡು ತಿಂಗಳಾದ ಮೇಲೆ ತಸ್ನೀಮ್ ಮೇಡಂ ನನ್ನನ್ನು ನಿಯಂತ್ರಣ ಕೋಣೆಗೆ ಕರೆದರು. ಪೆಟ್ಟಿಗೆಯಲ್ಲಿ ಉಳಿದಿದ್ದ ಆ ಹೆಚ್ಚಿನ ಜೋಡಿಹಾಳೆಯನ್ನು ಪರೀಕ್ಷೆಗೆ ಇಟ್ಟಿದ್ದರು. ಪರದೆಯ ಮೇಲೆ ಒಂದು ಗೆರೆ ಸಪ್ಪಗೆ ಮಲಗಿತ್ತು.

"ನೋಡಿ. ಹೊರಗಡೆ ಬೆಳಕು ಬಿಟ್ರೆ ಸತ್ತಂಗಿದೆ. ಈಗ ಅಯಸ್ಕಾಂತದೊಳಗೆ ತಳ್ತೀನಿ."

ಟೆಸ್ಲಾ ಏರತೊಡಗಿತು: ಐದು, ಎಂಟು, ಹನ್ನೊಂದು. ಹದಿನಾಲ್ಕು ದಾಟಿದ ಮೇಲೆ ಗೆರೆ ಎದ್ದು ನಿಂತಿತು, ಹಾವು ಹೆಡೆ ಎತ್ತಿದ ಹಾಗೆ.

"ಹಾಳೆಗಳು ನೇರ ಕೂತಿಲ್ಲ ಜವರಣ್ಣ. ಏಳು ಡಿಗ್ರಿ ತಿರುಗಿವೆ. ಎದುರುಬದುರು ಮನೆ ಬಾಗಿಲು ನೇರ ಇಲ್ದಿದ್ರೆ ಈಚೆಯವರು ಆಚೆಯವರಿಗೆ ಕಾಣಲ್ವಲ್ಲ, ಹಾಗೆ. ಜೋಡಿ ಇರುತ್ತೆ, ಅದರಿಂದ ಏನೂ ಹೊರಗೆ ಬರಲ್ಲ. ಕತ್ತಲ ಜೋಡಿ ಅಂತೀವಿ. ಬಲವಾದ ಅಯಸ್ಕಾಂತ ಇದ್ರೆ ಮಾತ್ರ ದಾರಿ ಬಿಡುತ್ತೆ. ಯಂತ್ರದ ಕೈ ಜಾರಿರಬೇಕು. ಸುಮ್ನೆ ಪಾಪ ನೀಲಮ್ಮನ ಮೇಲೆ ಬಂತು. ಅವರಿಗೆ ಹೇಳಿಬಿಡಿ, ಅವರದೇನೂ ತಪ್ಪಿಲ್ಲ ಅಂತ."

ನನಗೆ ಆ ಕ್ಷಣವೇ ತಿಳಿಯಿತು.

ಕಾಗೆಬಂಗಾರದ ಶೆಡ್ಡಿನಲ್ಲಿ ಸೀಳಿದ ಹಾಳೆ ಪೇರಿಸುವಾಗ ನೇರಕ್ಕೆ ನೇರ ಇಡುವ ಹಾಗಿಲ್ಲ. ಈಗ ತಾನೇ ಬೇರೆಯಾದ ಹಾಳೆ ನೇರ ಕೂತರೆ ಮತ್ತೆ ಕಚ್ಚಿಕೊಂಡು ಒಂದಾಗುತ್ತದೆ, ಬಿಡಿಸಹೋದರೆ ಒಡೆಯುತ್ತದೆ. ಅದಕ್ಕೆ ಪ್ರತಿಯೊಂದನ್ನೂ ಕೆಳಗಿನದಕ್ಕಿಂತ ಸ್ವಲ್ಪ ತಿರುಗಿಸಿ ಇಡಬೇಕು. ಆಗ ಒಂದೊಂದೇ ಹಗುರವಾಗಿ ಎದ್ದುಬರುತ್ತದೆ. ಎಂಟು ವರ್ಷದವನಿದ್ದಾಗ ನಾನು ನೇರ ಇಟ್ಟಾಗೆಲ್ಲ ಅಕ್ಕ ಮಣಿಕಟ್ಟಿನ ಮೇಲೆ ಹೊಡೆಯುತ್ತಿದ್ದಳು. ಅಕ್ಕನ ಹಾಳೆ ಇಡುವಾಗ ನನ್ನ ಕಣ್ಣೆಲ್ಲ ಅದು ಹರಿಯಬಾರದು ಅನ್ನುವುದರ ಮೇಲಿತ್ತು. ಕೈ ತನಗೆ ಗೊತ್ತಿದ್ದ ಹಾಗೆ ಇಟ್ಟಿತು.

"ಆಯ್ತು ಮೇಡಂ, ಹೇಳ್ತೀನಿ," ಅಂದೆ. ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಯಂತ್ರ ಜಾರಿತು ಅಂದರೆ ಸುಳ್ಳು. ನಿಜ ಹೇಳಿದರೆ ಅಕ್ಕನ ಕಣ್ಣು ಕಿತ್ತವನು ನಾನು. ಈ ಭಾನುವಾರ ಬೇಡ, ಮುಂದಿನ ಭಾನುವಾರ. ಹೀಗೆ ಭಾನುವಾರಗಳು ಹೋದವು.

ಮೇಡಂ ಮೇಲಿನವರಿಗೆ ಪತ್ರದ ಮೇಲೆ ಪತ್ರ ಬರೆದು ಅಕ್ಕನನ್ನು ಅಯಸ್ಕಾಂತದೊಳಗೆ ಮಲಗಿಸುವ ಅಪ್ಪಣೆ ತಂದರು. ಮೊದಲ ಗುರುವಾರ ಅಕ್ಕನ ಕೈಯ ಉಂಗುರ, ಓಲೆ, ರವಿಕೆಯ ಪಿನ್ನು ಎಲ್ಲ ತೆಗೆಸಿದೆವು. ಕಬ್ಬಿಣದ ಒಂದು ಸೂಜಿ ಇದ್ದರೂ ಅದು ಗುಂಡಿನ ಹಾಗೆ ಹಾರುತ್ತದೆ.

"ಒಸ್ತಿಲು ದಾಟಿ ಗಂಡನ್ ಮನೆಗೆ ಓಗೋವಾಗ್ಲೂ ಇಷ್ಟೊಂದು ಬಿಚ್ಸಿರ್ನಿಲ್ಲ ಕಣ್ರವ್ವ," ಅಂದಳು ಅಕ್ಕ. ಮೇಡಂ ನಕ್ಕರು.

ಹಲಗೆಯನ್ನು ಇರುವೆ ನಡೆದ ಹಾಗೆ ತಳ್ಳಬೇಕು. ಬೇಗ ತಳ್ಳಿದರೆ ತಲೆ ತಿರುಗುತ್ತದೆ, ಬಾಯಲ್ಲಿ ಕಬ್ಬಿಣದ ರುಚಿ ಬರುತ್ತದೆ. ಕಣ್ಣಿನ ಮೇಲೆ ಒಂದು ಕನ್ನಡಿ, ಕಾಲ ಕಡೆ ನಿಂತವರು ಅದರಲ್ಲಿ ಕಾಣುವ ಹಾಗೆ. ಆ ಹಾಳೆಗೆ ಹಿಡಿಸುವುದು ಕೆಂಪು ಬೆಳಕು. ಕಾಲ ಕಡೆ ಕೆಂಪು ದೀಪ ಹಚ್ಚಿ ನೀಲಿಯನ್ನು ನಿಲ್ಲಿಸಿದ್ದೆವು.

"ತಲೆ ಆಡಿಸ್ಬೇಡಿ ಅಮ್ಮ. ಏನಾದ್ರೂ ಕಾಣ್ತಿದ್ಯಾ?"

"ಥೂ, ಮೊಳೆ ನೆಕ್ಕಿದಂಗಾಯ್ತದೆ," ಅಂದಳು ಅಕ್ಕ. ಆಮೇಲೆ, "ಏನೋ ಅಲ್ಲಾಡ್ತದೆ. ಕೆಂಪಗೆ... ಅಯ್ಯೋ, ಕೈ ಕಣ್ರವ್ವ. ನನ್ ಮಗಳ ಕೈ."

ನೀಲಿ ಕೈ ಎತ್ತುವಳು, ಇಳಿಸುವಳು. ಹನ್ನೊಂದು ವರ್ಷದ ಮಾತು ಯಾವ ತುದಿಯಿಂದ ಶುರು ಮಾಡುತ್ತಾಳೆ? ಕೊನೆಗೆ ಅವಳು ಕೇಳಿದ್ದು ಇದು: ನಿನಗೆ ಕೂದಲು ಇಷ್ಟು ಬಿಗಿಯಾಗಿ ಬಾಚುತ್ತೀನಲ್ಲ, ನೋಯುತ್ತದಾ?

ಅಕ್ಕ ಎದೆಯ ಮೇಲೆ ಕೈ ಎತ್ತಿ ಉತ್ತರಿಸಿದಳು: ತುಂಬಾ.

ಎರಡನೆಯ ಗುರುವಾರ ನೀಲಿ ಆ ಮಧ್ಯಾಹ್ನದ ಮಾತು ತೆಗೆದಳು. ನಾನು ಮಲಗಿಬಿಟ್ಟೆ, ನೀನು ಕರೆದೆಯಾ? ಅಕ್ಕ ಇಲ್ಲ ಅಂದಳು. ನೀಲಿ ನಂಬಲಿಲ್ಲ. ಪ್ರತಿಸಲವೂ ಕೊನೆಯ ಎರಡು ನಿಮಿಷ ಅದೇ ಪ್ರಶ್ನೆ, ಅದೇ ಉತ್ತರ. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಎರಡು ವರ್ಷ ನೋಡಿದೆ.

ಕಳೆದ ಚಳಿಗಾಲದಲ್ಲಿ ಹೀಲಿಯಂ ಬರುವುದು ನಿಂತಿತು. ಹಡಗಿನಲ್ಲಿ ಬೇರೆ ದೇಶದಿಂದ ಬರುವ ವಸ್ತು. ಅಲ್ಲಿಯ ಬಾವಿಗಳು ಬತ್ತಿದವಂತೆ, ಉಳಿದದ್ದನ್ನು ಅವರೇ ಇಟ್ಟುಕೊಂಡರಂತೆ. ಎಷ್ಟು ಜೋಪಾನ ಮಾಡಿದರೂ ಅದು ಸೋರಿ ಆಕಾಶಕ್ಕೆ ಹೋಗುತ್ತದೆ, ಮತ್ತೆ ಭೂಮಿಗೆ ಇಳಿಯುವುದಿಲ್ಲ. ಪಾತ್ರೆಯ ಮಟ್ಟ ದಿನಾ ಬರೆದಿಡುತ್ತಿದ್ದವನು ನಾನಾದ್ದರಿಂದ ಮೇಡಂ ಹೇಳುವ ಮೊದಲೇ ನನಗೆ ಗೊತ್ತಿತ್ತು.

"ಮುಂದಿನ ಗುರುವಾರ ಕಡೇದು ಜವರಣ್ಣ," ಅಂದರು. ಕಣ್ಣು ಕೆಂಪಾಗಿತ್ತು. "ಅವತ್ತೇ ಸಂಜೆ ಅಯಸ್ಕಾಂತ ಇಳಿಸ್ತೀವಿ. ಮತ್ತೆ ಏರಿಸೋಕೆ ಆಗಲ್ಲ. ಎಲ್ಲಾ ಬಾಗಿಲೂ ತಟ್ಟಿದೆ. ನನ್ನ ಕೈಲಿ ಆಗಲಿಲ್ಲ."

ಆ ಭಾನುವಾರ ಅಕ್ಕ ಜಗಲಿಯ ಮೇಲೆ ಬಿಸಿಲಿಗೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಒಳಗೆ ನೀಲಿ ಹೊಲಿಗೆ ಯಂತ್ರದ ಮೇಲೆ ಬಗ್ಗಿದ್ದಳು, ನಮಗೆ ಬೆನ್ನು ಮಾಡಿ. ನಾನು ಹೀಲಿಯಂ ಸುದ್ದಿ ಹೇಳಿದೆ.

"ಊಂ," ಅಂದಳು ಅಕ್ಕ. ಕಾಳು ಸಿಪ್ಪೆಯಿಂದ ಹಾರಿ ಪಾತ್ರೆಗೆ ಬಿತ್ತು. "ಕೊಟ್ಟಿದ್ದೇ ಎಚ್ಚು."

"ಅಕ್ಕ, ಇನ್ನೊಂದ್ ಮಾತು. ನಿನ್ ಕಣ್ಣಿನ ಹಾಳೆ ಜೋಡ್ಸಿದ್ದು ಯಂತ್ರ ಅಲ್ಲ."

"ಇನ್ಯಾರು, ಮಾದಪ್ಪ ದೇವ್ರು ಬಂದಿದ್ನಾ?"

"ನಾನು. ಕೈಯಲ್ಲೇ ಇಟ್ಟೆ. ಯಂತ್ರ ಎಲ್ಲಿ ಹರೀತದೋ ಅಂತ. ಒಸಿ ತಿರುಗ್ಸಿ ಇಟ್ಬುಟ್ಟೆ ಕಣಕ್ಕ. ಶೆಡ್ಡಲ್ಲಿ ಇಡ್ತಿದ್ವಲ್ಲ, ಅಂಗೆ. ಅದಕ್ಕೇ ಹೊರಗಡೆ ಕಾಣಾಕಿಲ್ಲ ನಿಂಗೆ. ಆ ಮಧ್ಯಾಹ್ನ ನೀನು ಮಗ್ಗುಲಾದದ್ದಕ್ಕಲ್ಲ."

ಅವಳ ಕೈ ನಿಂತಿತು.

"ಎಷ್ಟು ತಿರುಗ್ಸಿದ್ದೆ?"

"ಏಳು ಡಿಗ್ರಿ ಅಂತೆ."

"ನಂಗೆ ಡಿಗ್ರಿ ಗಿಗ್ರಿ ಗೊತ್ತಿಲ್ಲ ಕಣ್ಲಾ. ತೋರ್ಸು."

ಅವಳ ಒದ್ದೆ ಅಂಗೈಗಳನ್ನು ಒಂದರ ಮೇಲೊಂದು ಇಟ್ಟೆ. ಮೇಲಿನದನ್ನು ಸ್ವಲ್ಪ ಸರಿಸಿದೆ.

"ಇಷ್ಟು."

"ಇಷ್ಟೇಯಾ?"

"ಇಷ್ಟೇ ಅಕ್ಕ."

ಅವಳು ಕೈಗಳನ್ನು ಹಾಗೆಯೇ ಇಟ್ಟುಕೊಂಡು ಕೂತಿದ್ದಳು. "ನಾನೇ ಅಲ್ವಾ ಒಡ್ದು ಕಲ್ಸಿದ್ದು," ಅಂದಳು. ಅಷ್ಟಕ್ಕೇ ಕ್ಷಮಿಸಿಬಿಟ್ಟಳು ಅಂದುಕೊಂಡೆ. ಅವಳು ಇನ್ನೂ ಮುಗಿಸಿರಲಿಲ್ಲ.

"ಯಾವಾಗ ಗೊತ್ತಾಯ್ತು ನಿಂಗೆ?"

"ಎರಡ್ ವರ್ಷಾಯ್ತು."

"ಎರಡ್ ವರ್ಷದಿಂದ ಆ ಎಣ್ಣು ಕೈಗೆ ದಾರ ಕಟ್ಕಂಡು ಮನಗ್ತಾವ್ಳೆ. ನೀನು ಭಾನ್‌ಭಾನ್ವಾರ ಬಂದು, ಆ ಗುರುತು ನೋಡ್ಕಂಡು, ಅವ್ಳು ತಿರುವಿದ ಮುದ್ದೆ ಉಣ್ಕಂಡು ಓಗಿದ್ದೀಯ. ಕಣ್ಣು ಓದ್ರೆ ಓಯ್ತು ಜವರ. ಇದೇನ್ಲಾ ಮಾಡ್ದೆ?"

ನಾನು ಎದ್ದೆ. "ಈಗ್ಲೇ ಹೇಳ್ತೀನಿ ಅವ್ಳಿಗೆ."

"ಕೂತ್ಕ. ಗುರುವಾರ ಹೇಳು. ನಂಗೆ ಕಾಣೋವಾಗ."

"ಕಡೇ ಇಪ್ಪತ್ ನಿಮಿಷ ಅಕ್ಕ. ಅದ್ನ ಇದಕ್ಕೆ..."

"ಇನ್ಯಾತಕ್ಕೆ ಮಡೀಕಳ್ಳಲಿ? ನೀನು ಹೇಳಿದ್ನೂ ನೋಡ್ಬೇಕು, ಅವ್ಳಿಗೆ ಅರ್ಥ ಆಗಿದ್ದೂ ನೋಡ್ಬೇಕು. ಹೇಳ್ದೆ ಕಣಕ್ಕ ಅಂತ ನೀನು ಬಂದು ಹೇಳ್ದ್ರೆ ನಂಬೋ ಕಾಲ ಓಯ್ತು."

ಅವತ್ತು ನೀಲಿ ಊಟಕ್ಕೆ ಕರೆದಳು. ಕೂತೆ. ಒಂದು ತುತ್ತಿಗೆ ಕೈ ತೊಳೆದೆ.

ಗುರುವಾರ ನೀಲಿ ಒಂದು ಮದುವೆ ಹೆಣ್ಣಿನ ರವಿಕೆ ತಂದಿದ್ದಳು. ತೋಳ ತುಂಬ ತಾನೇ ಹಾಕಿದ ಕಸೂತಿ. ಅಮ್ಮನಿಗೆ ತೋರಿಸಬೇಕು ಅಂತ. ಕೊಳವೆಯ ಕಾಲ ಕಡೆ ನಿಂತು ಅದನ್ನು ಕೆಂಪು ದೀಪಕ್ಕೆ ಹಿಡಿದಳು. ಅಕ್ಕ ನೋಡಿದಳು. ಚೆನ್ನಾಗಿದೆ ಅಂತ ಕೈಯಲ್ಲಿ ಹೇಳಿ, ಕೂಡಲೇ ಮೀಸೆ ತಿರುವುವ ಸನ್ನೆ ಮಾಡಿದಳು. ಮಾವನನ್ನು ಕೇಳು.

ನಾನು ನೀಲಿಯ ಪಕ್ಕ ಹೋಗಿ ನಿಂತೆ, ಕನ್ನಡಿಯಲ್ಲಿ ಅಕ್ಕನಿಗೆ ಇಬ್ಬರೂ ಕಾಣುವ ಹಾಗೆ. ಅಂಗೈಯ ಮೇಲೆ ಅಂಗೈ ಇಟ್ಟೆ. ಅಮ್ಮನ ಕಣ್ಣಿನ ಹಾಳೆ ಅಂದೆ. ಮೇಲಿನ ಕೈ ತಿರುಗಿಸಿದೆ. ಇಟ್ಟವನು ನಾನು, ತಪ್ಪಾಗಿ ಇಟ್ಟೆ. ನೀನು ಮಲಗಿದ್ದಕ್ಕಲ್ಲ. ನೀನಲ್ಲ. ನಾನು.

ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಮೂರನೆಯ ಸಲಕ್ಕೆ ನನ್ನ ಮುಖ ನೋಡಿದಳು. ಕೈಯಿಂದ ರವಿಕೆ ಜಾರಿ ಬಿತ್ತು.

ಯಾವಾಗಿನಿಂದ ಗೊತ್ತು, ಅಂತ ಕೇಳಿದಳು.

ಎರಡು ಬೆರಳು ತೋರಿಸಿದೆ. ತಿಂಗಳಾ? ಅಲ್ಲ ಅಂದೆ.

ಅವಳು ಅಳಲಿಲ್ಲ. ಅಮ್ಮನ ಕಡೆ ತಿರುಗಿದಳು. ಆಮೇಲೆ ಅವರಿಬ್ಬರ ಕೈಗಳು ಓಡಿದವು. ನಾನು ಹಿಂದೆ ಸರಿದೆ. ಎಷ್ಟೋ ಸನ್ನೆಗಳು ನನಗೆ ತಿಳಿಯಲಿಲ್ಲ. ಆ ಎರಡು ವರ್ಷದಲ್ಲಿ ತಮ್ಮಿಬ್ಬರಿಗೇ ಅಂತ ಕಟ್ಟಿಕೊಂಡವು. ಕನ್ನಡಿಯಲ್ಲಿ ಅಕ್ಕನ ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಒಂದು ಸಲ ನೀಲಿಯ ಎದೆ ಮೇಲಕ್ಕೆದ್ದು, ತುಂಬ ಹೊತ್ತಿನ ಮೇಲೆ ಕೆಳಗಿಳಿಯಿತು. ಭಾರ ಇಳಿಸಿದವರು ಉಸಿರು ಬಿಡುತ್ತಾರಲ್ಲ, ಹಾಗೆ.

ಗಾಜಿನಾಚೆ ಮೇಡಂ ಕೈ ಎತ್ತಿದರು. ಸ್ಪೀಕರಿನಲ್ಲಿ ಅವರ ದನಿ ಒಡೆದಿತ್ತು. "ಹೊತ್ತಾಯ್ತು ಅಮ್ಮ. ನಿಧಾನಕ್ಕೆ ತಗೊಳ್ತೀವಿ."

ಹಲಗೆ ಹೊರಬರತೊಡಗಿತು. ನೀಲಿ ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಾ ಮಾತಾಡುತ್ತಲೇ ಇದ್ದಳು.

"ಮಂಕಾಯ್ತಾ ಅದೆ," ಅಂದಳು ಅಕ್ಕ, ಯಾರಿಗೆ ಅಂತಿಲ್ಲ. "ಕೈ ಕಾಣ್ತದೆ. ಬೆರಳು ಕಾಣ್ತಿಲ್ಲ." ಇನ್ನೊಂದು ಗೇಣು. "ಈಗ ಕೈಯೂ ಇಲ್ಲ."

ಕೊಳವೆಯಿಂದ ಪೂರಾ ಆಚೆ ಬಂದಳು. ನಾನು ಕನ್ನಡಿ ತೆಗೆದು ಅವಳನ್ನು ಎಬ್ಬಿಸಿ ಕೂರಿಸಿದೆ. ನೀಲಿಯ ಕೈ ನಿಂತಿರಲಿಲ್ಲ. ಈಗ ಅವಳು ತಿರುಗಿದ್ದು ನನ್ನ ಕಡೆಗೆ.

"ಇನ್ನೂ ಆಡ್ತಾವ್ಳಾ?"

"ಆಡ್ತಾವ್ಳೆ."

"ಏನಂತಾಳೆ?"

ನನಗೆ ಹಳೆಯ ಚಾಳಿಯಂತೆ, ಏನಿಲ್ಲ ಕಣಕ್ಕ, ಬೇಜಾರಾಗವ್ಳೆ ಅಷ್ಟೆ, ಅನ್ನುವುದು ತುಟಿಗೆ ಬಂದಿತ್ತು. ನನ್ನ ಬಾಯಿ ತೆರೆದದ್ದನ್ನು ನೀಲಿ ನೋಡಿದಳು. ಹತ್ತಿರ ಬಂದು ಎಡ ಅಂಗೈಯನ್ನು ನನ್ನ ಗಂಟಲಿನ ಮೇಲೆ ಇಟ್ಟಳು. ದನಿ ಬರುತ್ತದೋ ಇಲ್ಲವೋ ಅಂತ. ಬಲಗೈಯಲ್ಲಿ ಹೇಳುತ್ತಾ ಹೋದಳು. ಒಂದು ಮಾತು ಹೇಳಿ, ನನ್ನ ಗಂಟಲು ಅಲುಗುವವರೆಗೂ ಕಾದು, ಇನ್ನೊಂದು ಹೇಳುವಳು.

"ಮಾವ ಕಳ್ಳ ಅಂತಾಳೆ."

"ಊಂ."

"ಉಣ್ಣೋವಾಗ ಯಾಕೆ ನನ್ ಮೊಕ ನೋಡ್ತಿರ್ಲಿಲ್ಲ ಅಂತ ಈಗ ಗೊತ್ತಾಯ್ತು ಅಂತಾಳೆ."

"ಇನ್ನೂ?"

"ನಾನು ಸತ್ರೂ ಮಾವ ಮಣ್ಣಿಗೆ ಬರ್ಬಾರ್ದು ಅಂತಾಳೆ."

"ಇನ್ನೂ ಏನಂತಾಳ್ಲಾ?"

ನೀಲಿಯ ಬಲಗೈ ಕೆಳಗಿಳಿಯಿತು. ಅಂಗೈ ಗಂಟಲ ಮೇಲೇ ಇತ್ತು. ಅಮ್ಮನನ್ನು ನೋಡಿದಳು, ಅಮ್ಮ ಗೋಡೆಯ ಕಡೆ ಮುಖ ಮಾಡಿ ಕಾಯುತ್ತಿದ್ದಳು. ಆಮೇಲೆ ಬಲಗೈ ಎತ್ತಿ ನಿಧಾನವಾಗಿ ಹೇಳಿದಳು.

"ದಿನಾ ಬರ್ಬೇಕಂತೆ," ಅಂದೆ. "ಉಣ್ಣಾಕಲ್ವಂತೆ. ಒಳೀಕೆ ಬರ್ಬಾರ್ದಂತೆ. ಜಗಲಿ ಮೇಲೆ ಕೂತು, ಅವ್ಳು ಹೇಳಿದ್ನೆಲ್ಲ ನಿಂಗೆ ಹೇಳಿ ಹೋಗ್ಬೇಕಂತೆ."

ಓಲೆ ಕೊಡು ಅಂತ ಅಕ್ಕ ಕೈ ಚಾಚಿದಳು.

ಸಂಜೆ ಅಯಸ್ಕಾಂತ ಇಳಿಸಿದರು. ಹೀಲಿಯಂ ಹೋಗುವ ಸದ್ದು ಅರ್ಧ ಗಂಟೆ ಕೇಳಿಸಿತು. ಮೇಡಂ ಗೋಡೆಗೆ ಒರಗಿ ನಿಂತು ಅದು ಮುಗಿಯುವವರೆಗೂ ಕೇಳಿದರು. ನಾನು ಯಂತ್ರದ ಕೈ ನಿಲ್ಲಿಸಿದ್ದನ್ನು ಅವರಿಗೂ ಹೇಳಿದೆ. "ಮನೆಗೆ ಹೋಗಿ ಜವರಣ್ಣ," ಅಂದರು.

ಇದಾಗಿ ಏಳು ತಿಂಗಳು. ದಿನಾ ನಾಲ್ಕು ಗಂಟೆಗೆ ಹೋಗಿ ಜಗಲಿಯ ಮೇಲೆ ಕೂರುತ್ತೇನೆ. ಒಂದು ಲೋಟ ನೀರನ್ನೂ ಕೊಡುವುದಿಲ್ಲ, ನಾನೂ ಕೇಳುವುದಿಲ್ಲ. ನೀಲಿ ಎದುರು ಕೂತು ಎಡಗೈಯನ್ನು ನನ್ನ ಗಂಟಲಿಗೆ ಇಡುತ್ತಾಳೆ. ಅವಳ ಮಣಿಕಟ್ಟಿನ ಮೇಲೆ ಈಗ ದಾರದ ಗುರುತಿಲ್ಲ. ರವಿಕೆಯ ಅಳತೆ ತಪ್ಪಿದ್ದು, ಎದುರುಮನೆಯ ಸೊಸೆ ಬಸುರಿಯಾದದ್ದು, ತನಗೆ ಮುಟ್ಟು ನಿಲ್ಲುವ ಕಾಲದ ಸಂಕಟ, ಎಲ್ಲವನ್ನೂ ಹೇಳುತ್ತಾಳೆ. ಎಲ್ಲವನ್ನೂ ನಾನು ಹೇಳುತ್ತೇನೆ. ನನ್ನನ್ನು ಬೈದದ್ದನ್ನೂ.

ನಿನ್ನೆ ಅವಳು ಅಮ್ಮನನ್ನು ಕೇಳಿದಳು: ಮಾವನಿಗೂ ವಯಸ್ಸಾಯಿತು, ಜಗಲಿ ಹತ್ತುವಾಗ ಏದುಸಿರು ಬಿಡುತ್ತಾನೆ, ಇವನು ಹೋದ ಮೇಲೆ ನಾವೇನು ಮಾಡೋಣ?

ಅದನ್ನೂ ಬಿಡದೆ ಹೇಳಿದೆ.